ಬಡಗಣ ಬಾಗಿಲು ತೆಗೆದವರು ಯಾರು

ಆಲಸನತ್ತಂ, ಹೊಸೂರು
21 ಜುಲೈ 2025

ಅಪ್ಪಾ,

ಬಂತು. ನಾಲ್ಕು ವರ್ಷ ಕಾಯಿಸಿ ‘ದೀವಿಗೆಕೋಟೆ’ಯ ಏಳನೆಯ ಭಾಗ ಬಂತು. ಇದೇ ಕೊನೆಯದು. ನೀನು ಕಾಗದಕ್ಕಿಂತ ಮೊದಲು ಪುಸ್ತಕವನ್ನೇ ಬಿಚ್ಚುತ್ತೀಯ ಎಂದು ಗೊತ್ತಿದ್ದೇ ಕಾಗದವನ್ನು ಮೊದಲ ಪುಟದಲ್ಲಿ ಇಟ್ಟಿದ್ದೇನೆ.

ನನ್ನ ಫೋನು ಬಂದರೆ ನೀನು ಕಟ್ ಮಾಡುತ್ತೀಯ. ಮಾಡು. ಮದುವೆಯ ವಿಷಯ ಎತ್ತುವುದಕ್ಕೆ ನಾನು ಬರೆಯುತ್ತಿಲ್ಲ. ಈ ಮೂರು ವರ್ಷದ ಯಾವ ಮಾತೂ ಇದರಲ್ಲಿಲ್ಲ, ಪುಸ್ತಕದ ಮಾತು ಮಾತ್ರ. ಆರು ಭಾಗವನ್ನೂ ಒಟ್ಟಿಗೆ ಓದಿದವರು ನಾವು. ಏಳನೆಯದನ್ನು ನಾನೊಬ್ಬಳೇ ಓದಿದರೆ ಕದ್ದು ತಿಂದ ಹಾಗಾಗುತ್ತದೆ.

ಮೊದಲ ಭಾಗ ನನಗೆ ಆರನೇ ಕ್ಲಾಸಿನಲ್ಲಿ ಶಾಲೆಯ ಬಹುಮಾನವಾಗಿ ಬಂದಿತ್ತಲ್ಲ. ನೀನು ಕೊತ್ತಂಬರಿ ಮಡಿಗೆ ನೀರು ಕಟ್ಟುತ್ತಿದ್ದೆ, ನಾನು ಬದುವಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕಾವಲುಗಾರನ ಮಗಳು ನೇಸರಿ ಮೊದಲ ಸಲ ಕೋಟೆಯ ದೀಪ ಹಚ್ಚಿದ ದಿನ ನಮ್ಮ ಮಡಿ ತುಂಬಿ ನೀರೆಲ್ಲ ಪಕ್ಕದವರ ಹೊಲಕ್ಕೆ ಹರಿದುಹೋಯಿತು. ನಿನಗೆ ಗೊತ್ತೇ ಆಗಲಿಲ್ಲ.

ಆರನೆಯ ಭಾಗ ಮುಗಿದ ದಿನವಂತೂ ಮರೆಯುವ ಹಾಗಿಲ್ಲ. ಕೋಟೆಯ ಬಡಗಣ ಬಾಗಿಲನ್ನು ಒಳಗಿನವರೇ ಯಾರೋ ತೆಗೆದುಬಿಟ್ಟರು. ಶತ್ರುಪಡೆ ನುಗ್ಗಿತು. ಕರಡಿಗಳ ದೊರೆ ಜಂಬಕ ನೇಸರಿಯನ್ನು ಬೆನ್ನಿನಿಂದ ಇಳಿಸಿ, ದಾರಿಗೆ ಅಡ್ಡ ನಿಂತು, ತಾನು ಪ್ರಪಾತಕ್ಕೆ ಬಿದ್ದ. ಕಥೆ ಅಲ್ಲಿಗೇ ನಿಂತಿತು. ನೀನು ಅವತ್ತು ಉಣ್ಣಲಿಲ್ಲ. ಅಮ್ಮ ಕೇಳಿದ್ದಕ್ಕೆ “ಜಂಬಕ ಹೋಗ್ಬುಟ್ಟ ಕಣೆ” ಅಂದೆ. ಅಮ್ಮ ನಮ್ಮ ಕಡೆಯವರು ಯಾರೋ ತೀರಿಕೊಂಡರು ಎಂದುಕೊಂಡು ಸ್ನಾನಕ್ಕೆ ನೀರು ಕಾಯಿಸಿದಳು. ಕರಡಿ ಎಂದು ತಿಳಿದ ಮೇಲೆ ನಮ್ಮಿಬ್ಬರಿಗೂ ಬೈದಳು.

ಬಾಗಿಲು ತೆಗೆದದ್ದು ಯಾರು? ಜಂಬಕ ಬದುಕಿದ್ದಾನಾ? ಎರಡಕ್ಕೂ ಉತ್ತರ ಈ ಪುಸ್ತಕದಲ್ಲಿದೆ. ನನ್ನದೊಂದು ಪ್ರತಿ ಇಲ್ಲೇ ಮಡಿಲಲ್ಲಿದೆ. ಇನ್ನೂ ಓದಿಲ್ಲ. ನೀನು ಶುರು ಮಾಡಿದೆ ಎಂದು ತಿಳಿದ ಮೇಲೆ ನಾನು ಶುರು ಮಾಡುತ್ತೇನೆ. ಬೇಗ ತಿಳಿಸು. ಕಾಯುವುದು ಕಷ್ಟವಾಗಿದೆ.

ನಿನ್ನ ಮಗಳು
ಶ್ಯಾಮಲಾ


ಸೂಳಗಿರಿ
11 ಆಗಸ್ಟ್ 2025

ಪುಸ್ತಕ ತಲುಪಿದೆ.

ವಾಪಸ್ ಕಳಿಸು ಎಂದು ನಿಮ್ಮಮ್ಮನಿಗೆ ಹೇಳಿದೆ. ಗಂಗರತ್ನಮ್ಮ ಯಾರ ಮಾತು ಕೇಳುತ್ತಾಳೆ. ರಾಗಿ ಡ್ರಮ್ಮಿನ ಮೇಲೆ ಇಟ್ಟಳು. ಹೋಗುವಾಗ ಬರುವಾಗ ಕಣ್ಣಿಗೆ ಬೀಳುತ್ತಿತ್ತು. ರಟ್ಟಿನ ಮೇಲೆ ಹೊಳೆ ಮರಳು, ಮರಳಿನಲ್ಲಿ ಒಂದು ಹೆಜ್ಜೆ ಗುರುತು ಬರೆದಿದ್ದಾರೆ. ಅದು ಮನುಷ್ಯರದೋ ಕರಡಿಯದೋ ನೋಡೋಣ ಎಂದು ಕೈಗೆ ತೆಗೆದುಕೊಂಡೆ. ಅಷ್ಟೇ.

ನಾನು ಓದಿದ್ದು ಐದನೇ ಕ್ಲಾಸು. ಅಕ್ಷರ ಬಹಳ ಸಣ್ಣ. ಪೇಟೆಗೆ ಹೋಗಿ ಕನ್ನಡಕ ಹಾಕಿಸಿಕೊಂಡೆ. ಮೋಟಾರ್ ಮನೆಯಲ್ಲಿ ಕೂತು ಓದುತ್ತಿದ್ದೇನೆ. ಒಂದು ಪುಟಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಮೂರು ಅಧ್ಯಾಯ ಆಗಿದೆ.

ಜಂಬಕ ಬದುಕಿದ್ದಾನೆ. ಮರಳಿನಲ್ಲಿ ಮೂರು ಕಾಲಿನ ಹೆಜ್ಜೆ ಇದೆ, ನಾಲ್ಕನೆಯದು ಎಳೆದುಕೊಂಡು ಹೋದ ಗುರುತು. ಕಾಲು ಮುರಿದಿರಬೇಕು. ಆದರೆ ಇದ್ದಾನೆ. ಅದನ್ನು ಓದಿ ಎದ್ದು ಹೊಲದ ಸುತ್ತ ಒಂದು ಸುತ್ತು ಬಂದೆ. ಯಾರಿಗೆ ಹೇಳುವುದು. ಹಸುವಿಗೆ ಹೇಳಿದೆ.

ನೀನು ಮೂರನೆಯ ಅಧ್ಯಾಯ ಇನ್ನೂ ಓದಿಲ್ಲದಿದ್ದರೆ ಮೇಲಿನ ಮಾತು ಓದಬೇಡ.

ಮುನಿವೆಂಕಟಪ್ಪ


ಆಲಸನತ್ತಂ
17 ಆಗಸ್ಟ್ 2025

ಅಪ್ಪಾ,

ಓದಬೇಡ ಎಂಬುದನ್ನು ಕೊನೆಯಲ್ಲಿ ಬರೆದರೆ ಹೇಗೆ? ಕಂಪನಿ ಬಸ್ಸಿನಲ್ಲಿ ಕೂತು ನಿನ್ನ ಕಾಗದ ಓದುತ್ತಿದ್ದೆ. ಜಂಬಕ ಬದುಕಿದ್ದಾನೆ ಎಂಬಲ್ಲಿಗೆ ಬಂದಾಗ ನಾನು ಕೂಗಿಬಿಟ್ಟೆನಂತೆ. ಪಕ್ಕದ ಸೀಟಿನ ಹುಡುಗಿ ಬೋನಸ್ಸು ಬಂತಾ ಎಂದು ಕೇಳಿದಳು.

ಅವತ್ತು ಸಂಜೆಯೇ ಶುರು ಮಾಡಿದೆ. ಎಂಟು ಅಧ್ಯಾಯ ಆಗಿದೆ. ಇನ್ನೂ ಓಡಬಲ್ಲೆ, ಆದರೆ ನನಗೊಂದು ಅಡ್ಡಿ ಇದೆ. ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಪುಸ್ತಕದ ಮಾತೇ ಆದ್ದರಿಂದ ಬರೆಯುತ್ತೇನೆ. ನಾನು ಓದುವುದು ನನಗೊಬ್ಬಳಿಗೇ ಅಲ್ಲ. ಇವರಿಗೂ ಓದಿ ಹೇಳಬೇಕು. ಇವರ ಊರು ಊತ್ತಂಗರೆ, ಮನೆಮಾತು ತಮಿಳು. ನಮ್ಮ ಕನ್ನಡ ಒಂದಷ್ಟು ಮಾತಾಡುತ್ತಾರೆ, ಓದಲು ಬಾರದು. ಮದುವೆಯಾದ ಹೊಸದರಲ್ಲಿ ಮೊದಲ ಭಾಗವನ್ನು ಒಂದೊಂದೇ ಪುಟ ತಮಿಳಿನಲ್ಲಿ ಹೇಳಲು ಶುರು ಮಾಡಿದೆ, ಆರನೆಯದರವರೆಗೂ ಬಿಡಲಿಲ್ಲ. ಈ ಏಳನೆಯದು ಬಿಡುಗಡೆಯಾದ ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಿ ತಂದವರೂ ಇವರೇ. ಎರಡು ತಂದಿದ್ದರು. ಎರಡು ಯಾಕೆ ಎಂದು ಕೇಳಿದೆ. “ಒಣ್ಣು ಮಾಮಾವುಕ್ಕು” ಅಂದರು, ಒಂದು ಮಾವನಿಗೆ ಅಂತ.

ಇರಲಿ. ಈಗ ಮುಖ್ಯ ವಿಷಯ. ಬಡಗಣ ಬಾಗಿಲು ತೆಗೆದದ್ದು ದಂಡನಾಯಕನ ಹೆಂಡತಿ ಚಂದಲೆ ಎಂದು ನೀನೂ ನಾನೂ ಮೊದಲಿನಿಂದ ಹೇಳುತ್ತಾ ಬಂದಿದ್ದೇವೆ. ನಮ್ಮ ಮನೆಯಲ್ಲಿ ಒಬ್ಬರು ಹಾಗಲ್ಲ ಎನ್ನುತ್ತಾರೆ. ತೆಗೆದದ್ದು ಬೀರಜ್ಜನಂತೆ. ಕಣ್ಣು ಕಾಣದ ಆ ಹರಿಗೋಲಿನ ಅಜ್ಜ! ನನಗೂ ನಂಬಿಕೆಯಿಲ್ಲ. ನೀನು ಏನನ್ನುತ್ತೀಯ?

ನಿನ್ನ ಮಗಳು
ಶ್ಯಾಮಲಾ


ಸೂಳಗಿರಿ
4 ಸೆಪ್ಟೆಂಬರ್ 2025

ಶ್ಯಾಮಲಾಗೆ,

ಆ ಒಬ್ಬರು ಯಾರೋ ಅವರಿಗೆ ಹೇಳು. ಬೀರಜ್ಜ ಕೋಟೆಯ ಅನ್ನ ತಿಂದವನು. ನೇಸರಿ ಹುಟ್ಟಿದಾಗ ತೊಟ್ಟಿಲು ಕಟ್ಟಿದವನು. ಎರಡನೆಯ ಭಾಗದಲ್ಲಿ ಪ್ರವಾಹದಲ್ಲಿ ತನ್ನ ಸ್ವಂತ ಮಗ ಮುಳುಗುತ್ತಿದ್ದರೂ ಕೋಟೆಯ ಜನರನ್ನು ಮೊದಲು ದಾಟಿಸಿದವನು. ಅಂಥವನು ಶತ್ರುವಿಗೆ ಬಾಗಿಲು ತೆಗೆಯುತ್ತಾನೆಯೇ. ತಮಿಳಿನಲ್ಲಿ ಕೇಳಿದರೆ ಹೀಗೇ ತಪ್ಪು ತಿಳಿಯುತ್ತದೆ.

ಬೀಗದ ಕೈ ಇದ್ದದ್ದು ಚಂದಲೆಯ ಸೊಂಟದಲ್ಲಿ. ಗಂಡ ಸತ್ತದ್ದು ರಾಜನ ತಪ್ಪಿನಿಂದ. ಅವಳಿಗೆ ಕಾರಣ ಇದೆ, ಕೈಯಲ್ಲಿ ಬೀಗದ ಕೈಯೂ ಇದೆ. ಇದರಲ್ಲಿ ಯೋಚಿಸುವುದೇನಿದೆ.

ಹತ್ತನೆಯ ಅಧ್ಯಾಯದಲ್ಲಿದ್ದೇನೆ. ಈಗ ಮಧ್ಯಾಹ್ನ ಊಟದ ಮೇಲೆ ನಿಮ್ಮಮ್ಮನಿಗೂ ಓದುತ್ತೇನೆ. ಅವಳು ಕಥೆಗಿಂತ ಹೆಚ್ಚಾಗಿ ಜಂಬಕನ ಕಾಲಿಗೆ ಯಾವ ಸೊಪ್ಪು ಕಟ್ಟಬೇಕು ಎಂದು ಹೇಳುತ್ತಿರುತ್ತಾಳೆ.

ಮುನಿವೆಂಕಟಪ್ಪ


ಆಲಸನತ್ತಂ
12 ಸೆಪ್ಟೆಂಬರ್ 2025

ಅಪ್ಪಾ,

ನಿನ್ನ ಕಾಗದ ಇವರಿಗೆ ಓದಿ ಹೇಳಿದೆ. ತಮಿಳಿನಲ್ಲಿ ಕೇಳಿದರೆ ತಪ್ಪು ತಿಳಿಯುತ್ತದೆ ಎಂಬುದನ್ನು ಬಿಟ್ಟು ಹೇಳೋಣ ಎಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಇವರು ಅವತ್ತು ಸರಿಯಾಗಿ ಉಣ್ಣಲಿಲ್ಲ. ಐದನೆಯ ಭಾಗ ತೆಗೆಸಿ, ಬೀರಜ್ಜ ಕತ್ತಲೆಯಲ್ಲಿ ಕೋಟೆಯ ಗೋಡೆ ಸವರುತ್ತಾ ನಡೆಯುವ ಭಾಗವನ್ನು ಎರಡೆರಡು ಸಲ ಓದಿಸಿದರು. “ಮಾಮಾ ಇದನ್ನ ಮರ್ತಿದಾರೆ” ಎಂದರು. ನೀನು ಯಾವುದನ್ನೂ ಮರೆಯುವವನಲ್ಲ ಎಂದೆ. ಹಾಗೆ ನೋಡಿದರೆ ನಾನು ನಿನ್ನ ಕಡೆಯೇ. ಮನೆಯಲ್ಲಿ ಈಗ ಎರಡು ಪಕ್ಷ.

ಹನ್ನೊಂದನೆಯ ಅಧ್ಯಾಯದ ಹಿಮದ ಸೇತುವೆ ಓದಿದೆಯಾ? ಜಂಬಕ ಮೂರು ಕಾಲಿನಲ್ಲಿ ಅದನ್ನು ದಾಟುವಾಗ ಇವರು ಎದ್ದು ನಿಂತೇ ಕೇಳಿದರು.

ನಿನ್ನ ಮಗಳು
ಶ್ಯಾಮಲಾ


ಸೂಳಗಿರಿ
28 ಸೆಪ್ಟೆಂಬರ್ 2025

ಶ್ಯಾಮಲಾಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊನ್ನೆ ಬೆಳಗ್ಗೆ ಮಂಡಿಯಲ್ಲಿ ಕೊತ್ತಂಬರಿ ಕಟ್ಟು ಇಳಿಸುತ್ತಿದ್ದೆ. ಒಬ್ಬ ಬಂದು ಎದುರು ನಿಂತ. ತೆಳ್ಳಗೆ, ಕೈಯಲ್ಲಿ ಹೆಲ್ಮೆಟ್ಟು. ವ್ಯಾಪಾರಿ ಇರಬೇಕು ಎಂದುಕೊಂಡು ಕಟ್ಟು ತೋರಿಸಿದೆ. “ಮಾಮಾ, ನಾನ್ ಸುರೇಂದ್ರ. ಬೀರಜ್ಜನ್ ವಿಷ್ಯ ಮಾತಾಡ್ಬೇಕು” ಎಂದ.

ನನಗೆ ಕೋಪ ಬರಬೇಕಾಗಿತ್ತು. ಬಂತು ಕೂಡ. ಈ ಹುಡುಗ ಎದುರು ಬಂದರೆ ಏನು ಹೇಳಬೇಕೆಂದು ಮೂರು ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿ ಇಟ್ಟಿದ್ದೆ. ಆದರೆ ಅವನು ಬಾಯಿ ತೆಗೆದದ್ದೇ ಬೀರಜ್ಜನ ವಿಷಯಕ್ಕೆ. ನಾನು ಜೋಡಿಸಿಟ್ಟಿದ್ದ ಮಾತಿನಲ್ಲಿ ಬೀರಜ್ಜನಿಗೆ ಉತ್ತರವಿರಲಿಲ್ಲ.

ಚಂದಲೆಯ ಹತ್ತಿರ ಬೀಗದ ಕೈ ಇತ್ತು ಎಂದೆ. ಬಡಗಣ ಬಾಗಿಲಿಗೆ ಬೀಗವೇ ಇಲ್ಲ, ಒಳಗೆ ಅಗುಳಿ ಮಾತ್ರ ಎಂದ. ಐದನೆಯ ಭಾಗದಲ್ಲಿ ಬೀರಜ್ಜ ಕೈಯಿಂದ ಸವರಿ ನೋಡುವಾಗ ಅಗುಳಿ ಎಂದೇ ಬರೆದಿದೆಯಂತೆ. ನನಗೆ ಅದು ಮರೆತಿತ್ತು. ಆದರೂ ಬಿಡಲಿಲ್ಲ. “ಲೇ, ಅಜ್ಜ ಅಂಗೆಲ್ಲ ಮಾಡೋನಲ್ಲ ಕಣ್ಲಾ” ಎಂದೆ. “ಅಜ್ಜ ಒಳ್ಳೇವ್ರು, ಅದ್ಕೇ ತೆಗ್ದಿದಾರೆ” ಎಂದು ಅವನೂ ಬಿಡಲಿಲ್ಲ. ಸುತ್ತ ಜನ ಸೇರಿದರು. ಮಂಡಿ ಮುನಿಯಪ್ಪ ಯಾರ ಮನೆ ಬಾಗಿಲು, ಯಾರು ತೆಗೆದರು, ಪೊಲೀಸರಿಗೆ ಹೇಳಿದಿರಾ ಎಂದು ಕೇಳಿದ. ನನ್ನ ಕಟ್ಟಿನ ಹರಾಜು ಕೂಗಿದ್ದು ನನಗೆ ಕೇಳಿಸಲೇ ಇಲ್ಲ.

ಕೊನೆಗೆ ಎಲ್ಲರ ಎದುರಿಗೆ ಹೇಳಿಬಿಟ್ಟೆ. “ನೀನ್ ಹೇಳ್ದಂಗೆ ಬೀರಜ್ಜನೇ ತೆಗ್ದಿದ್ರೆ ನಮ್ಮನೇಗ್ ಬಂದು ಮುದ್ದೆ ಉಂಡೋಗು. ಅಲ್ಲಾಂದ್ರೆ ಇನ್ನೊಂದ್ಸಲ ಈ ಕಡೆ ತಲೆ ಹಾಕ್ಬೇಡ.”

ಸರಿ ಮಾಮಾ ಎಂದು ಹೆಲ್ಮೆಟ್ಟು ಹಾಕಿಕೊಂಡು ಹೋದ.

ಹದಿನಾಲ್ಕನೆಯ ಅಧ್ಯಾಯದಲ್ಲಿದ್ದೇನೆ.

ಮುನಿವೆಂಕಟಪ್ಪ


ಆಲಸನತ್ತಂ
5 ಅಕ್ಟೋಬರ್ 2025

ಅಪ್ಪಾ,

ಬೈಕು ಸರ್ವಿಸ್‌ಗೆ ಬಿಟ್ಟು ಬರುತ್ತೇನೆಂದು ಹೋದವರು ನಿನ್ನ ಹತ್ತಿರ ಬಂದಿದ್ದರು ಎಂದು ನನಗೆ ನಿನ್ನ ಕಾಗದದಿಂದ ಗೊತ್ತಾಯಿತು. ಕೇಳಿದೆ. ಒಪ್ಪಿಕೊಂಡರು. ಅವರ ಚಿಂತೆ ಬೇರೆಯೇ ಇತ್ತು. “ಮಾಮಾ ಎನ್ನೆ ‘ಲಾ’ ಅಂದ್ರು, ತುಂಬ ಕೋಪಮಾ?” ಎಂದು ಕೇಳಿದರು. ನಮ್ಮ ಕಡೆ ಹೊರಗಿನವರನ್ನು ಯಾರೂ ಕಣ್ಲಾ ಎನ್ನುವುದಿಲ್ಲ, ಮನೆಯವರನ್ನೇ ಎನ್ನುವುದು ಎಂದೆ. ಅವರು ಕಿಟಕಿಯ ಹತ್ತಿರ ಹೋಗಿ ನಿಂತರು.

ಆದರೆ ಅಪ್ಪಾ, ಎಂಥ ಪಂದ್ಯ ಕಟ್ಟಿಬಿಟ್ಟೆ ನೀನು! ಚಂದಲೆಯೇ ತೆಗೆದಿದ್ದರೆ ಏನು ಗತಿ? ಇಷ್ಟು ದಿನ ಬಾಗಿಲು ತೆಗೆದವರು ಯಾರೆಂದು ತಿಳಿಯಲು ಹಾತೊರೆಯುತ್ತಿದ್ದೆ. ಈಗ ಪುಟ ತಿರುಗಿಸಲು ಭಯ. ಕೂತರೆ ಓದುವ ಆಸೆ, ಓದಿದರೆ ಮುಚ್ಚಿಡುವ ಆಸೆ. ಲೈನಿನಲ್ಲಿ ಕೆಲಸ ಮಾಡುವಾಗಲೂ ಅಗುಳಿ, ಬೀಗ, ಚಂದಲೆ ಎಂದೇ ತಲೆಯಲ್ಲಿ ಓಡುತ್ತಿರುತ್ತದೆ.

ನಾನು ಪಕ್ಷ ಬದಲಿಸಿದ್ದೇನೆ. ಬೀರಜ್ಜನೇ ತೆಗೆದಿರಲಿ ಎಂದು ಈಗ ನನ್ನ ಆಸೆ. ಅಜ್ಜನನ್ನು ದ್ರೋಹಿ ಮಾಡಲು ಹೊರಟಿದ್ದೇನಲ್ಲ ಎಂದು ಬೇಸರವೂ ಆಗುತ್ತದೆ. ನಿನಗೆ ಸಿಟ್ಟು ಬಂದರೆ ಬರಲಿ.

ನಿನ್ನ ಮಗಳು
ಶ್ಯಾಮಲಾ


ಸೂಳಗಿರಿ
9 ನವೆಂಬರ್ 2025

ಶ್ಯಾಮಲಕ್ಕಾ,

ನಾನು ಪಕ್ಕದ ಮನೆ ಸುಷ್ಮಾ. ಗಂಗರತ್ನ ದೊಡ್ಡಮ್ಮ ಹೇಳಿದ್ದನ್ನು ಬರೆಯುತ್ತಿದ್ದೇನೆ. ದೊಡ್ಡಪ್ಪ ಹೊಲಕ್ಕೆ ಹೋಗಿದ್ದಾರೆ. ಮನೆಯಲ್ಲಿರುವ ಒಂದು ಫೋನು ಅವರ ಜೇಬಿನಲ್ಲೇ ಇರುವುದರಿಂದ ದೊಡ್ಡಮ್ಮ ಕಾಗದ ಬರೆಸುತ್ತಿದ್ದಾರೆ.

ಒಂದು ತಿಂಗಳಿಂದ ನಿನಗೆ ಉತ್ತರ ಬಂದಿಲ್ಲ, ಹೆದರಬೇಡ ಎಂದು ಹೇಳುತ್ತಿದ್ದಾರೆ. ದೊಡ್ಡಪ್ಪನಿಗೆ ಮೈಗೆ ಏನೂ ಆಗಿಲ್ಲ. ಹತ್ತೊಂಬತ್ತನೆಯ ಅಧ್ಯಾಯ ಆಗಿದೆ. ಅದನ್ನು ಓದಿದ ದಿನ ಪುಸ್ತಕವನ್ನು ರಾಗಿ ಡ್ರಮ್ಮಿನೊಳಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟರಂತೆ. ದೊಡ್ಡಮ್ಮ ರಾಗಿ ತೆಗೆಯುವಾಗ ಸಿಕ್ಕಿತು. ಒರೆಸಿ ಮತ್ತೆ ಅವರ ತಟ್ಟೆಯ ಪಕ್ಕದಲ್ಲಿ ಇಟ್ಟರು. ದೊಡ್ಡಪ್ಪ ಮತ್ತೆ ಕೈಗೆ ತೆಗೆದುಕೊಂಡರು. ಮುಂದಿನ ಅಧ್ಯಾಯವನ್ನು ದೊಡ್ಡಮ್ಮನಿಗೆ ಕೇಳಿಸದ ಹಾಗೆ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಾರೆ. ಅದಕ್ಕೆ ದೊಡ್ಡಮ್ಮನಿಗೆ ತುಂಬ ಸಿಟ್ಟು ಬಂದಿದೆ. ಜಂಬಕ ಎಲ್ಲಿಗೆ ಬಂದ ಎಂದು ಅವರಿಗೂ ಗೊತ್ತಾಗಬೇಕು.

ಹತ್ತೊಂಬತ್ತರಲ್ಲಿ ಏನಿದೆ ಎಂದು ನಿನಗೆ ಹೇಳಬಾರದಂತೆ, ಅದಕ್ಕೇ ಹೇಳುವುದಿಲ್ಲ. ಅವರ ಮಾತನ್ನು ಹಾಗೇ ಬರೆಯುತ್ತೇನೆ: “ಬಿರ್‍ರನೆ ಅಲ್ಲೀಗಂಟ ಓದ್ಬುಡು ಅನ್ನು. ಓದಿ ಒಂದ್ ಕಾಗ್ದ ಬರಿ ಅನ್ನು. ಆ ಊಟದ್ ಮಾತ್ ಮಾತ್ರ ಎತ್ಬೇಡ ಅನ್ನು.”

ಇಂತಿ
ಸುಷ್ಮಾ


ಆಲಸನತ್ತಂ
16 ನವೆಂಬರ್ 2025

ಅಪ್ಪಾ,

ಹತ್ತೊಂಬತ್ತು ಓದಿದೆವು.

ನಾನು ಓದುತ್ತಾ ಹೋದೆ, ಇವರು ಗೋಡೆಗೆ ಒರಗಿ ಕೂತಿದ್ದರು. ನೇಸರಿ ಬಾಗಿಲ ಹತ್ತಿರ ಬೀರಜ್ಜನನ್ನು ನಿಲ್ಲಿಸಿ ಕೇಳುತ್ತಾಳಲ್ಲ, ಅಜ್ಜ ಸುಳ್ಳು ಹೇಳುವುದಿಲ್ಲ. ಶತ್ರುಗಳು ತಮ್ಮ ಜೊತೆ ಬಂದ ಮಕ್ಕಳನ್ನೇ ಗೋಡೆಯ ಹೊರಗೆ ಕೈಬಿಟ್ಟಿದ್ದರು. ಆ ಮಕ್ಕಳು ಬಾಗಿಲ ಬುಡದಲ್ಲಿ ಚಳಿಗೆ ಮುದುರಿ ಕೂತಿದ್ದವು. ಅವುಗಳನ್ನು ಒಳಗೆ ಕರೆದುಕೊಳ್ಳಲು ಅಜ್ಜ ಅಗುಳಿ ತೆಗೆದ, ಹಿಂದೆಯೇ ಪಡೆಯೂ ನುಗ್ಗಿತು. “ಕಣ್ಣಿದ್ದ ನಿಮಗೆಲ್ಲ ಗೋಡೆಯ ಆಚೆ ಪಡೆ ಕಂಡಿತು ಮಗಳೇ. ನನಗೆ ಅಳು ಕೇಳಿಸಿತು.” ಆ ಒಂದು ಸಾಲನ್ನು ತಮಿಳಿಗೆ ತಿರುಗಿಸಲು ನನ್ನಿಂದ ಆಗಲಿಲ್ಲ. ಬೇಡ, ತಿಳಿಯಿತು ಎಂದು ಇವರೇ ಕೈ ಎತ್ತಿದರು.

ಆರನೆಯ ಭಾಗದಿಂದ ನಾವು ಬಾಗಿಲು ತೆಗೆದವರನ್ನು ದ್ರೋಹಿ ದ್ರೋಹಿ ಎಂದು ಬೈದುಕೊಂಡು ಬಂದೆವು, ತೆಗೆದವನು ದ್ರೋಹಿಯೇ ಅಲ್ಲ. ಆ ಮಕ್ಕಳನ್ನು ತನ್ನ ಹರಿಗೋಲಿನ ಕೆಳಗೆ ಬಚ್ಚಿಟ್ಟು, ಗಂಜಿ ಕುಡಿಸಿ, ತನ್ನ ಮೇಲೆ ಅನುಮಾನ ಬಂದರೂ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇರಲು ಸಾಧ್ಯವಿಲ್ಲ ಅಪ್ಪಾ. ಎಲ್ಲ ಭಾಗವನ್ನೂ ಮತ್ತೆ ಮೊದಲಿನಿಂದ ಓದಬೇಕು ಅನಿಸುತ್ತಿದೆ. ನಿನ್ನ ಬೀರಜ್ಜ ನೀನು ಹೇಳಿದ ಹಾಗೇ ಇದ್ದಾನೆ. ಕೋಟೆಯ ಅನ್ನಕ್ಕೆ ಎರಡು ಬಗೆದವನಲ್ಲ.

ಇವರು ಕುಣಿಯುತ್ತಾರೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. ಮಂಡಿಯ ಮಾತನ್ನು ಎತ್ತಬೇಡ ಎಂದರು. “ಜಯಿಚ್ಚು ಸಾಪ್ಪಿಡ್ರ ಸಾಪ್ಪಾಡು ವೇಣ್ಡಾಂ.” ಗೆದ್ದು ತಿನ್ನುವ ಊಟ ಬೇಡವಂತೆ. ಆದ್ದರಿಂದ ನಾನೂ ಎತ್ತುವುದಿಲ್ಲ.

ಇನ್ನು ಐದೇ ಅಧ್ಯಾಯ.

ನಿನ್ನ ಮಗಳು
ಶ್ಯಾಮಲಾ


ಸೂಳಗಿರಿ
3 ಡಿಸೆಂಬರ್ 2025

ಮಗಳು ಶ್ಯಾಮಲಾಗೆ,

ಕೊನೆಯ ಅಧ್ಯಾಯ ಓದಿದ್ದರೆ ಏನೂ ಮಾಡುವ ಹಾಗಿಲ್ಲ. ಓದಿಲ್ಲದಿದ್ದರೆ ನಿಲ್ಲಿಸು.

ಹತ್ತೊಂಬತ್ತು ಓದಿದ ದಿನ ನಿನ್ನ ಯಜಮಾನನ ಮೇಲೆ ಸಿಟ್ಟಾಯಿತು. ಆಮೇಲೆ ಪುಸ್ತಕ ಬರೆದವರ ಮೇಲೆ. ಪಂದ್ಯ ಸೋತದ್ದಕ್ಕಲ್ಲ. ಬೀರಜ್ಜನನ್ನು ನಾನು ಅಷ್ಟು ಹೊಗಳುತ್ತಿದ್ದೆ, ಅವನಿಗಾಗಿ ಮಂಡಿಯಲ್ಲಿ ಜಗಳ ಆಡಿದೆ, ಆದರೆ ಅವನು ಎಂಥವನು ಎಂದು ಸರಿಯಾಗಿ ಹಿಡಿದದ್ದು ಆ ಹುಡುಗ. ಅಜ್ಜ ಒಳ್ಳೆಯವನು, ಅದಕ್ಕೇ ಬಾಗಿಲು ತೆಗೆಯುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಒಳ್ಳೆಯವನು, ಅದಕ್ಕೇ ತೆಗೆದ ಎಂದು ಅವನು ಕಂಡುಕೊಂಡಿದ್ದ. ಕನ್ನಡ ಓದಲು ಬಾರದವನು.

ಈಗ ಬರೆಯುವುದನ್ನು ಗಮನವಿಟ್ಟು ಓದು. ಸೋತೆ ಎಂದು ಕರೆಯುತ್ತಿಲ್ಲ. ಸೋತದ್ದಕ್ಕೆ ಆಗಿದ್ದರೆ ಆ ವಾರವೇ ಕರೆದು, ಒಂದು ಮುದ್ದೆ ಹಾಕಿ, ಲೆಕ್ಕ ಮುಗಿಯಿತು ಎಂದು ಕಳಿಸುತ್ತಿದ್ದೆ. ಮೊನ್ನೆ ಕೊನೆಯ ಅಧ್ಯಾಯ ತೆಗೆದುಕೊಂಡು ಕೂತೆ. ಮೊದಲ ಸಾಲು ಓದಿದೆ. ನನ್ನ ದನಿಯಲ್ಲಿ ಅದು ಸರಿಬರಲಿಲ್ಲ. ಮತ್ತೆ ಓದಿದೆ. ಬರಲಿಲ್ಲ. ಪುಸ್ತಕ ಮುಚ್ಚಿದೆ. ನಿಮ್ಮಮ್ಮ ಯಾಕೆ ಎಂದಳು. “ಇದು ನಮ್ ಮಗ್ಳು ಓದ್ಬೇಕಾದ್ದು” ಎಂದೆ. ಅವಳು ಒಲೆಯ ಕಡೆ ತಿರುಗಿಕೊಂಡಳು.

ಡಿಸೆಂಬರ್ 14 ಭಾನುವಾರ. ಇಬ್ಬರೂ ಬನ್ನಿ. ಅವರೆಕಾಯಿ ಬಲಿತಿದೆ.

ಅಪ್ಪ


ಆಲಸನತ್ತಂ
16 ಡಿಸೆಂಬರ್ 2025

ಅಪ್ಪಾ,

ಮೊನ್ನೆಯಷ್ಟೇ ನೋಡಿ ಬಂದಿದ್ದೇನೆ, ಈಗ ಫೋನಿನಲ್ಲೂ ಮಾತಾಡುತ್ತೀಯ. ಆದರೂ ಬರೆಯದೆ ಇರಲಾರೆ. ಎರಡು ದಿನದಿಂದ ನಾವಿಬ್ಬರೂ ಇದನ್ನು ಬಿಟ್ಟು ಬೇರೆ ಮಾತಾಡಿಲ್ಲ.

ಹೈವೇಯಿಂದ ನಮ್ಮೂರಿಗೆ ತಿರುಗುವ ಕಡೆ ನೀನು ನಿಂತಿರುತ್ತೀಯ ಎಂದು ನಾನು ಅಂದುಕೊಂಡಿರಲಿಲ್ಲ. ದೂರದಿಂದ ಬಿಳಿ ಅಂಗಿ ಕಂಡಿತು. ಇವರು ಬೈಕು ನಿಧಾನ ಮಾಡಿದರು. ದಾರಿ ತೋರಿಸೋಣ ಎಂದು ಬಂದೆ ಎಂದೆ ನೀನು. ಹುಟ್ಟಿ ಬೆಳೆದ ಊರಿಗೆ ನನಗೆ ದಾರಿ ತೋರಿಸುವುದಕ್ಕೆ! ನಾನು ನಗಲೂ ಇಲ್ಲ, ಅಳಲೂ ಇಲ್ಲ, ಹೆಲ್ಮೆಟ್ಟು ತೆಗೆಯುವುದನ್ನೇ ಮರೆತು ನಿಂತೆ.

ಅಮ್ಮನ ಹಿತಕಿದ ಬೇಳೆ ಸಾರಿನ ರುಚಿ ಇವರ ಬಾಯಿಂದ ಇನ್ನೂ ಹೋಗಿಲ್ಲ. ನೀನು ಮೂರನೆಯ ಮುದ್ದೆ ಹಾಕಿದಾಗ ಬೇಡ ಎನ್ನಲು ಧೈರ್ಯ ಬರಲಿಲ್ಲವಂತೆ. ಆದರೆ ಹೊಟ್ಟೆ ತುಂಬಿದ್ದಕ್ಕಿಂತ, ಎದುರಿನ ಮನೆ ನಾರಾಯಣಮ್ಮ ಬಾಗಿಲಲ್ಲಿ ನಿಂತು ಇವರು ಯಾರು ಎಂದು ಕೇಳಿದಾಗ ನೀನು “ನಮ್ಮ ಅಳಿಯ” ಎಂದೆಯಲ್ಲ, ಅದನ್ನೇ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಆಮೇಲೆ ಓದು ಶುರುವಾಯಿತು. ನೀನು, ಅಮ್ಮ, ಇವರು, ಸುಷ್ಮಾ ಎಲ್ಲ ಪಡಸಾಲೆಯಲ್ಲಿ ಕೂತಿರಿ. ಮೊದಲ ಪುಟದಲ್ಲಿ ನನ್ನ ದನಿಯೇ ನನಗೆ ಕೇಳಿಸಲಿಲ್ಲ. ಬಡಗಣ ಬಾಗಿಲನ್ನು ಕೀಲಿನಿಂದ ಬಿಚ್ಚಿ ಹೊಳೆಗೆ ಇಳಿಸಿ ತೆಪ್ಪ ಮಾಡುತ್ತಾರೆ ಎಂದು ಬಂದಾಗ ನೀನು ತೊಡೆ ತಟ್ಟಿದೆ. ಅಲ್ಲಿಂದ ನನಗೆ ಧೈರ್ಯ ಬಂತು. ಜಂಬಕ ಕುಂಟಿಕೊಂಡು ಬಂದು ತೆಪ್ಪದ ನಡುವೆ ಕೂತು, ತೆಪ್ಪ ಅಂಚಿನವರೆಗೂ ಮುಳುಗಿ, ಬೀರಜ್ಜ ಅವನಿಗೆ “ನಿನಗೆ ಎರಡಾಳಿನ ಬಾಡಿಗೆ” ಎಂದಾಗ ಇವರು ನಕ್ಕರು. ನಾನು ಇನ್ನೂ ತಮಿಳಿನಲ್ಲಿ ಹೇಳಿರಲೇ ಇಲ್ಲ. ನೀನು ಇವರ ಕಡೆ ನೋಡಿದೆ. ಅದನ್ನು ನಾನು ನೋಡಿದೆ.

ಕೋಟೆಯ ದೀಪವನ್ನು ನೇಸರಿ ಕೆಳಗೆ ತಂದು ಮನೆಮನೆಗೂ ಹಂಚುವ ಪುಟವನ್ನು ಒಂದೊಂದೇ ಸಾಲಾಗಿ ಓದಿದೆ. “ಅಂದು ಸಂಜೆ ಯಾರೂ ಯಾರಿಗೂ ಕಾಯಲಿಲ್ಲ, ಎಲ್ಲರೂ ಬಂದಾಗಿತ್ತು.” ಅದೇ ಕೊನೆಯ ಸಾಲು ಎಂದು ಪುಟ ತಿರುಗಿಸಿದ ಮೇಲೆ ತಿಳಿಯಿತು. ಆಗ ನೀನು, “ಇನ್ನೊಂದ್ಸಲ ಓದು ಶ್ಯಾಮಲಾ” ಎಂದೆ. ನನ್ನ ಹೆಸರನ್ನು ನಿನ್ನ ಬಾಯಲ್ಲಿ ಕೇಳಿ ಮೂರು ವರ್ಷವಾಗಿತ್ತು. ಮತ್ತೆ ಓದಿದ್ದು ಹೇಗೆ ಎಂದು ನನಗೆ ನೆನಪಿಲ್ಲ.

ಅಮ್ಮ ಮಾತ್ರ, ಅಷ್ಟು ದೂರ ನಡೆದು ಬಂದ ಕರಡಿಗೆ ಯಾರೂ ಊಟ ಹಾಕಲಿಲ್ಲವಲ್ಲ ಎಂದು ಬೇಸರಪಟ್ಟಳು.

ಕಥೆ ಮುಗಿಯಿತು ಎಂದು ದುಃಖವಾಗಬೇಕು. ಆಗುತ್ತಿಲ್ಲ. ಹೊಟ್ಟೆ ತುಂಬ ಉಂಡು ಎದ್ದ ಹಾಗಿದೆ.

ನಿನ್ನ ಮಗಳು
ಶ್ಯಾಮಲಾ


ಸೂಳಗಿರಿ
28 ಡಿಸೆಂಬರ್ 2025

ಚಿರಂಜೀವಿ ಮಗಳು ಶ್ಯಾಮಲಾಗೆ,

ನೀವು ಹೋದ ಮೇಲೆ ಒಂದೆರಡು ದಿನ ಕೈ ಖಾಲಿ ಅನಿಸಿತು. ಮೋಟಾರ್ ಮನೆಗೆ ಹೋದರೆ ಕನ್ನಡಕ ಹಾಕಿಕೊಂಡು ಸುಮ್ಮನೆ ಕೂರುವುದು. ನಿಮ್ಮಮ್ಮ, ನೀವು ತಂದಿಟ್ಟುಹೋದ ಹಳೆಯ ಭಾಗಗಳಿವೆಯಲ್ಲ, ಮೊದಲನೆಯದರಿಂದ ಓದು ಎಂದಳು. ಅವಳಿಗೆ ಜಂಬಕ ಹುಟ್ಟಿದ ಕಥೆ ಗೊತ್ತಾಗಬೇಕಂತೆ. ಶುರು ಮಾಡಿದ್ದೇನೆ. ಸುಷ್ಮಾ ಬರುತ್ತಾಳೆ, ನಾರಾಯಣಮ್ಮನೂ ಬಂದು ಕೂರುತ್ತಾಳೆ. ಬಾಗಿಲು ತೆಗೆದವರು ಯಾರೆಂದು ನಾರಾಯಣಮ್ಮನಿಗೆ ಈಗಲೇ ಹೇಳಿಬಿಡಬೇಡ ಎಂದು ನಿಮ್ಮಮ್ಮನ ಬಾಯಿ ಕಟ್ಟಿಹಾಕಿದ್ದೇನೆ. ಅವಳು ಎಷ್ಟು ದಿನ ತಡೆಯುತ್ತಾಳೋ ತಿಳಿಯದು.

ಮಂಡಿಯಲ್ಲಿ ಮುನಿಯಪ್ಪ ಕೇಳಿದ, ಆ ಬಾಗಿಲಿನ ಕೇಸು ಏನಾಯಿತು ಎಂದು. ಅಳಿಯಂದಿರು ಗೆದ್ದರು ಎಂದೆ.

ನಿನಗೆ ಬರೆಯೋಣ ಎಂದು ಕೂತರೆ ಏನು ಬರೆಯುವುದು ಎಂದು ತಿಳಿಯಲಿಲ್ಲ. ಇಷ್ಟು ದಿನ ಅಧ್ಯಾಯ ಇತ್ತು, ಒಂದಾದ ಮೇಲೆ ಒಂದು ಬರೆಯುತ್ತಾ ಹೋದೆ. ಈಗ ಪುಸ್ತಕ ಮುಗಿದಿದೆ. ಬರೆಯುವುದಕ್ಕೆ ನಮ್ಮ ವಿಷಯವೇ ಉಳಿದಿರುವುದು. ನನಗೆ ಅದು ಅಭ್ಯಾಸವಿಲ್ಲ. ಫೋನಿನಲ್ಲಿ ಕೇಳಲು ಹೋದರೆ ಚೆನ್ನಾಗಿದ್ದೀಯಾ ಎಂದು ಕೇಳಿ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಇಲ್ಲಿ ಕೇಳುತ್ತೇನೆ.

ನೀವಿರುವ ಮನೆಯ ಬಾಗಿಲು ಯಾವ ಕಡೆಗಿದೆ? ನೀರು ದಿನಾ ಬರುತ್ತದೆಯಾ? ಕಂಪನಿಯಲ್ಲಿ ನಿನ್ನ ಕೆಲಸ ಏನು? ಲೈನು ಲೈನು ಎನ್ನುತ್ತೀಯ, ಅಲ್ಲಿ ಕೂತು ಮಾಡುವುದೋ ನಿಂತು ಮಾಡುವುದೋ. ನಿಂತೇ ಇದ್ದರೆ ಕಾಲು ನೋಯುವುದಿಲ್ಲವಾ? ಕ್ಯಾಂಟೀನಿನ ಊಟ ಬಾಯಿಗೆ ಹಾಕುವ ಹಾಗಿರುತ್ತದಾ? ಮದುವೆಯ ದಿನ ಯಾವ ಬಣ್ಣದ ಸೀರೆ ಉಟ್ಟಿದ್ದೆ? ನಿಮ್ಮಮ್ಮ ಹಸಿರು ಇರಬೇಕು ಎನ್ನುತ್ತಾಳೆ, ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದಾಳೆ. ಅಳಿಯಂದಿರ ತಂದೆ ತಾಯಿ ಹೇಗಿದ್ದಾರೆ, ಅವರಿಗೆ ಹೊಲ ಇದೆಯಾ, ಏನು ಬೆಳೆಯುತ್ತಾರೆ? ಅವರು ನಿನ್ನನ್ನು ಏನೆಂದು ಕರೆಯುತ್ತಾರೆ?

ಒಂದೇ ಸಲಕ್ಕೆ ಎಲ್ಲ ಬರೆಯಬೇಡ. ನನಗೆ ಓದಲು ನಿಧಾನ. ಒಂದೊಂದಾಗಿ ಬರೆ.

ಮೊದಲು ಸೀರೆಯ ವಿಷಯ ಬರೆ.

ನಿನ್ನ ಅಪ್ಪ
ಮುನಿವೆಂಕಟಪ್ಪ